ನಿನ್ನೆ ಮೊನ್ನೆಯ ಟೀಮು, ಏಳು ಕಪ್ಪು

ಪ್ರಶ್ನೆ: ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ. ವಯನಾಡು ಹತ್ತಿರವಾದ್ದರಿಂದ ಕೇರಳದ ಫುಟ್‌ಬಾಲ್ ಹುಚ್ಚು ನಮ್ಮೂರ ಹೈಕಳಿಗೂ ಒಂದಿಷ್ಟು ಹತ್ತಿದೆ. ಬೆಂಗಳೂರಿನಲ್ಲಿ ಮ್ಯಾಚ್ ಇದ್ದಾಗ ಹಳದಿ ಜರ್ಸಿಯವರು ಗುಂಡ್ಲುಪೇಟೆ ಮೇಲೇ ಹೋಗುತ್ತಾರೆ. ಮಾತಿಗೆ ಸಿಕ್ಕರೆ, ‘ನಿಮ್ಮ ಬೆಂಗಳೂರು ಎಫ್‌ಸಿ ನಿನ್ನೆ ಮೊನ್ನೆ ಹುಟ್ಟಿದ ಟೀಮು, ದುಡ್ಡಿನ ಟೀಮು’ ಎಂದು ಹಂಗಿಸುತ್ತಾರೆ. ಇದು ನಿಜವೇ? ಇದುವರೆಗೆ ಆ ಕ್ಲಬ್ ಏನೇನು ಗೆದ್ದಿದೆ? ಅದಕ್ಕೂ ಮುಂಚೆ ನಮ್ಮ ರಾಜ್ಯದಲ್ಲಿ ಹೆಸರು ಮಾಡಿದ ಹಳೆಯ ಕ್ಲಬ್ ಒಂದೂ ಇರಲಿಲ್ಲವೇ?
— ಓದುಗರೊಬ್ಬರು, ಹಂಗಳ

ಉತ್ತರ: ಹಂಗಿಸಿದವರ ಲೆಕ್ಕವನ್ನು ಮೊದಲು ಚುಕ್ತಾ ಮಾಡಿಬಿಡೋಣ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಹಳದಿ ಜರ್ಸಿಯ ಕೇರಳ ಬ್ಲಾಸ್ಟರ್ಸ್ ಹುಟ್ಟಿದ್ದು 2014ರ ಮೇ ತಿಂಗಳಲ್ಲಿ. ಹತ್ತು ತಿಂಗಳು ಕಿರಿಯನಾದವನು ಹಿರಿಯನನ್ನು ನಿನ್ನೆ ಮೊನ್ನೆಯವನು ಅಂದರೆ ಕೇಳಿಸಿಕೊಂಡು ಸುಮ್ಮನಿರಬೇಕಾಗಿಲ್ಲ. ದುಡ್ಡಿನ ಟೀಮು ಎಂಬ ಮಾತು ಸುಳ್ಳಲ್ಲ, ಉಕ್ಕಿನ ವ್ಯಾಪಾರದ ಜೆಎಸ್‌ಡಬ್ಲ್ಯು ಸಮೂಹ ಅದರ ಒಡೆಯ. ಆದರೆ ಬ್ಲಾಸ್ಟರ್ಸ್ ಶುರುವಾದಾಗ ಅದರ ಪಾಲುದಾರರಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. ಅದೂ ಬಡವರ ಟೀಮೇನಲ್ಲ.

ಇನ್ನು ಕಪ್ಪಿನ ಲೆಕ್ಕ. 2014 ಮತ್ತು 2016ರಲ್ಲಿ ಐ-ಲೀಗ್, 2015 ಮತ್ತು 2017ರಲ್ಲಿ ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್, 2019ರಲ್ಲಿ ಐಎಸ್‌ಎಲ್, 2022ರಲ್ಲಿ ಡುರಾಂಡ್ ಕಪ್. ಒಟ್ಟು ಏಳು. ಇಸವಿಗಳನ್ನು ಸಾಲಾಗಿ ಓದಿ ನೋಡಿ: 2014ರಿಂದ 2019ರವರೆಗೆ ಒಂದು ವರ್ಷವೂ ಬರಿಗೈ ಇಲ್ಲ. ಆಡಲು ಶುರು ಮಾಡಿದ ಮೊದಲ ಆರು ಋತುಗಳಲ್ಲಿ ಆರು ಕಪ್ಪು. ಆಮೇಲೆ ಕೈ ಸೋತಿತು. 2019ರ ನಂತರ 2025ರ ಕೊನೆಯವರೆಗೆ ಸಿಕ್ಕಿದ್ದು ಆ ಡುರಾಂಡ್ ಒಂದೇ.

ಮೊದಲನೆಯದೇ ಎಲ್ಲಕ್ಕಿಂತ ಸೋಜಿಗದ್ದು. ಕ್ಲಬ್ ತನ್ನ ಮೊದಲ ಪಂದ್ಯವನ್ನು ಆಡಿದ್ದು 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಕೋಲ್ಕತ್ತದ ಮೋಹನ್ ಬಾಗಾನ್ ಎದುರು. ಎದುರಾಳಿ 1889ರಲ್ಲಿ ಹುಟ್ಟಿದ ಕ್ಲಬ್ಬು, ಇವರದು ಹುಟ್ಟಿ ಎರಡೇ ತಿಂಗಳು. ಪಂದ್ಯ 1-1ರಲ್ಲಿ ಡ್ರಾ ಆಯಿತು. ಆಷ್ಲೆ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ಕೋಚ್ ಕೈಯಲ್ಲಿ ಪಳಗಿದ ಆ ತಂಡ 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಬಡಿದು ರಾಷ್ಟ್ರೀಯ ಲೀಗ್ ಗೆದ್ದೇಬಿಟ್ಟಿತು. ಡೆಂಪೊ ಎಂದರೆ ಅಷ್ಟು ಹೊತ್ತಿಗೆ ಐದು ಬಾರಿ ದೇಶದ ಚಾಂಪಿಯನ್ ಆಗಿದ್ದ ಕ್ಲಬ್, ಗೆದ್ದದ್ದು ಅವರದೇ ನೆಲದಲ್ಲಿ. ಐ-ಲೀಗಿಗೆ ಕಾಲಿಟ್ಟ ವರ್ಷವೇ ಅದನ್ನು ಗೆದ್ದ ಕ್ಲಬ್ ಅದಕ್ಕೆ ಮುಂಚೆ ಇರಲಿಲ್ಲ.

ಮರುವರ್ಷ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಜೋರು ಮಳೆ, ಲೀಗಿನ ಕೊನೆಯ ಪಂದ್ಯ, ಮತ್ತೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಕಪ್ಪು ಬೆಂಗಳೂರಿನದು, ಡ್ರಾ ಆದರೆ ಬಾಗಾನ್‌ನದು. ಜಾನ್ ಜಾನ್ಸನ್ ಮೊದಲಾರ್ಧದಲ್ಲೇ ಗೋಲು ಹೊಡೆದಿದ್ದರು. 87ನೇ ನಿಮಿಷದವರೆಗೂ ಕಪ್ಪು ಇಲ್ಲೇ ಇತ್ತು. ಆಗ ಸೋನಿ ನಾರ್ಡೆ ತೆಗೆದ ಕಾರ್ನರ್ ಕಿಕ್‌ಗೆ ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಬಾಗಾನ್‌ಗೆ ಹದಿಮೂರು ವರ್ಷಗಳ ಮೇಲೆ ರಾಷ್ಟ್ರೀಯ ಲೀಗ್ ಸಿಕ್ಕಿತು. ಸಾಧನೆಗಳ ಪಟ್ಟಿಯಲ್ಲಿ ಆ ಸಾಲಿನ ಮುಂದೆ ‘ಎರಡನೇ ಸ್ಥಾನ’ ಎಂದಷ್ಟೇ ಇರುತ್ತದೆ.

ಫೆಡರೇಷನ್ ಕಪ್ಪಿನ ಸುದ್ದಿಗೆ ಬಂದರೆ ನಿಮ್ಮ ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬೆಂಗಳೂರು ಎಫ್‌ಸಿ ಆ ಕಪ್ಪನ್ನು ಎರಡನೇ ಬಾರಿ ಗೆದ್ದದ್ದು 2017ರ ಮೇ 21ರಂದು, ಕಟಕ್‌ನಲ್ಲಿ, ಹೆಚ್ಚುವರಿ ಅವಧಿಯಲ್ಲಿ 2-0ಯಿಂದ. ಸೋತವರು ಇನ್ಯಾರು, ಮೋಹನ್ ಬಾಗಾನ್. ಎರಡೂ ಗೋಲು ಕಣ್ಣೂರಿನ ಹುಡುಗ ಸಿ.ಕೆ. ವಿನೀತ್‌ದು (ಈ ಹೆಸರನ್ನು ಹಳದಿ ಜರ್ಸಿಯವರ ಎದುರು ಹೇಳಿ, ಆತ ಬ್ಲಾಸ್ಟರ್ಸ್‌ಗೂ ಆಡಿದವರು). ಅಲ್ಲಿಗೆ ಫೆಡರೇಷನ್ ಕಪ್ ಎಂಬ ಟೂರ್ನಿಯೇ ನಿಂತುಹೋಯಿತು. ಮರುವರ್ಷದಿಂದ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಅಂದರೆ ಆ ಕಪ್ಪನ್ನು ಕೊನೆಯದಾಗಿ ಎತ್ತಿದ ಕ್ಲಬ್ ಬೆಂಗಳೂರಿನದು.

ಮೊದಲು ಎತ್ತಿದ ಕ್ಲಬ್ಬೂ ಬೆಂಗಳೂರಿನದೇ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಎರ್ನಾಕುಳಂನಲ್ಲಿ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 1-0ಯಿಂದ ಸೋಲಿಸಿದ್ದು ಐಟಿಐ, ಅಂದರೆ ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಫೋನು ತಯಾರಿಸುವ ಕಾರ್ಖಾನೆಯ ಟೀಮು! ಆ ಬಾಗಾನ್ ಎಂಥ ಬಾಗಾನ್ ಎಂಬುದನ್ನೂ ಕೇಳಿ. ಅದೇ ವರ್ಷ ಐಎಫ್‌ಎ ಶೀಲ್ಡ್, ರೋವರ್ಸ್ ಕಪ್, ಡುರಾಂಡ್ ಕಪ್ ಮೂರನ್ನೂ ಬಾಚಿಕೊಂಡ ತಂಡ ಅದು. ಅದೇ ಸೆಪ್ಟೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ಗೆ ಪೆಲೆ ತನ್ನ ನ್ಯೂಯಾರ್ಕ್ ಕಾಸ್ಮಾಸ್ ತಂಡ ಕಟ್ಟಿಕೊಂಡು ಬಂದಾಗ 2-2ರಲ್ಲಿ ಸಮ ಮಾಡಿದವರು. ಪೆಲೆಗೂ ಬಗ್ಗದ ಬಾಗಾನ್ ಕಾರ್ಖಾನೆ ನೌಕರರ ಎದುರು ಬಗ್ಗಿತ್ತು.

ಐಟಿಐ, ಎಚ್‌ಎಎಲ್ ಮೊದಲಾದ ಸಾರ್ವಜನಿಕ ಉದ್ಯಮಗಳ ತಂಡಗಳನ್ನು ಇಂದಿನ ಅರ್ಥದಲ್ಲಿ ವೃತ್ತಿಪರ ಕ್ಲಬ್ ಎನ್ನಲಾಗದು. ಆಟಗಾರನಿಗೆ ಸಿಗುತ್ತಿದ್ದದ್ದು ಕಾಂಟ್ರ್ಯಾಕ್ಟ್ ಅಲ್ಲ, ನೌಕರಿ. ತಿಂಗಳ ಸಂಬಳ, ಪಿಎಫ್, ಬಡ್ತಿ. ಕಾಲು ಮುರಿದರೂ ಮನೆಯ ಒಲೆ ಆರುತ್ತಿರಲಿಲ್ಲ. ಹೊಟ್ಟೆಪಾಡಿನ ಭದ್ರತೆ ಕಂಡು ಬೆಂಗಳೂರಿನ ಎರಡು ಮೂರು ತಲೆಮಾರಿನ ಹುಡುಗರು ಈ ತಂಡಗಳಿಗೆ ಸೇರಿದರು. ಆ ವ್ಯವಸ್ಥೆಯನ್ನು ಈಗಿನವರು ಹಳತು ಎಂದು ತಳ್ಳಿಹಾಕುವುದನ್ನು ಕೇಳಿದ್ದೇನೆ. ಮೂವತ್ತೈದಕ್ಕೆ ಆಟ ಮುಗಿಸಿ ಮುಂದೇನು ಎಂದು ಕೂರುವ ಇಂದಿನ ಎರಡನೇ ದರ್ಜೆಯ ವೃತ್ತಿಪರ ಆಟಗಾರನನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು. ಎಚ್‌ಎಎಲ್ 2010-11 ಮತ್ತು 2011-12ರಲ್ಲಿ ಐ-ಲೀಗ್‌ನಲ್ಲೂ ಆಡಿತು. ಲಕ್ಷ ಲಕ್ಷ ಕೊಟ್ಟು ವಿದೇಶಿ ಆಟಗಾರರನ್ನು ತರುವ ಗೋವಾ, ಕೋಲ್ಕತ್ತದ ಕ್ಲಬ್‌ಗಳ ಎದುರು ನಿಲ್ಲಲಾಗದೆ ಕೆಳಗಿಳಿಯಿತು. ಅದಾದ ಮರುವರ್ಷವೇ ಬೆಂಗಳೂರು ಎಫ್‌ಸಿ ಬಂತು.

ಇನ್ನೂ ಹಿಂದಕ್ಕೆ ಹೋದರೆ ನಿಮಗೆ ಬೇಕಾದ ಹೆಸರು ಸಿಗುತ್ತದೆ: ಬೆಂಗಳೂರು ಮುಸ್ಲಿಮ್ಸ್. ರಾಜ್ಯದ ಫುಟ್‌ಬಾಲ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕ್ಲಬ್ ಸಾಧನೆ ಇಲ್ಲವೆಂದೇ ನನ್ನ ಅಭಿಪ್ರಾಯ, ಏಳು ಕಪ್ಪಿನವರನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ರೋವರ್ಸ್ ಕಪ್ ಬಾಂಬೆಯಲ್ಲಿ ಶುರುವಾದದ್ದು 1891ರಲ್ಲಿ. ಆಡುವವರು ಬಿಳಿಯ ಸಿಪಾಯಿಗಳ ರೆಜಿಮೆಂಟುಗಳು, ಗೆಲ್ಲುವವರೂ ಅವರೇ. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೂ ಹೋಗಿ ಡರ್ಹಮ್ ಲೈಟ್ ಇನ್‌ಫೆಂಟ್ರಿ ಎದುರು ಸೋತು ಬಂದಿತ್ತು. ನಲವತ್ತಾರು ವರ್ಷ ಭಾರತೀಯರ ಕೈಗೆ ಸಿಗದ ಆ ಕಪ್ಪು 1937ರಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು ಬೆಂಗಳೂರು ಮುಸ್ಲಿಮ್ಸ್‌ಗೆ. ಫೈನಲ್‌ನಲ್ಲಿ ಅವರು 1-0ಯಿಂದ ಸೋಲಿಸಿದ್ದು ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು, ಅದರ ಅತ್ಯುಚ್ಚ ಕಾಲದಲ್ಲಿ ಇವರು ಅದನ್ನು ಕೆಡವಿದರು.

ಒಂದು ಸಲ ಗೆದ್ದರೆ ಅದೃಷ್ಟ ಎನ್ನಬಹುದಿತ್ತು. 1938ರಲ್ಲಿ ಮತ್ತೆ ಗೆದ್ದರು, ಈ ಸಲ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟನ್ನು 3-2ರಿಂದ ಸೋಲಿಸಿ. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತು. 1948ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ನಡೆದ ಮೊದಲ ರೋವರ್ಸ್ ಕಪ್ಪಿನಲ್ಲಿ, ಮೋಹನ್ ಬಾಗಾನ್ ವಿರುದ್ಧ 1-0ಯಿಂದ ಮೂರನೆಯ ಸಲ ಗೆದ್ದರು. ಪರದೇಶಿ ಆಡಳಿತದಲ್ಲಿ ಎರಡು, ಸ್ವತಂತ್ರ ದೇಶದಲ್ಲಿ ಒಂದು. ಬಂಗಾಳಿಗಳು ಮೋಹನ್ ಬಾಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ, ಅದರ ಮೇಲೆ ಸಿನಿಮಾ ಮಾಡಿದ್ದಾರೆ. ನಾವು 1937ನ್ನು ಪಠ್ಯಪುಸ್ತಕದ ಒಂದು ಸಾಲಿಗೂ ಸೇರಿಸಿಲ್ಲ.

ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. ಮೈಸೂರು ಮಹಾರಾಜರ ಆಳ್ವಿಕೆಗೆ ಸೇರದೆ 1947ರವರೆಗೂ ಬ್ರಿಟಿಷರ ಕೈಯಲ್ಲಿದ್ದ ಭಾಗ ಅದು. ಸಿಪಾಯಿಗಳು ಸಂಜೆ ಪರೇಡ್ ಮೈದಾನಗಳಲ್ಲಿ ಚೆಂಡು ಒದೆಯುವುದನ್ನು ನೋಡುತ್ತ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಆಟ ಕಲಿತರು. ಗೌತಮಪುರಕ್ಕೆ ಇವತ್ತು ಹೋದರೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆ ಕಾಣುತ್ತದೆ. ಈ ಬೀದಿಗಳಲ್ಲಿ ಕನ್ನಡ, ತಮಿಳು, ಉರ್ದು ಬೆರೆತ ಭಾಷೆಯಲ್ಲಿ ಫುಟ್‌ಬಾಲ್ ನಡೆಯುತ್ತದೆ.

ಹಾಗಿದ್ದ ಮೇಲೆ ಬೆಂಗಳೂರು ಮುಸ್ಲಿಮ್ಸ್ ಹೆಸರು ಮೋಹನ್ ಬಾಗಾನ್ ಹೆಸರಿನಂತೆ ಯಾಕೆ ಉಳಿಯಲಿಲ್ಲ? ಆಟಗಾರರು ಕೋಲ್ಕತ್ತ ರೈಲು ಹತ್ತಿದರು, ಅಷ್ಟೇ. ದುಡ್ಡು, ಜನ, ಪತ್ರಿಕೆ ಎಲ್ಲವೂ ಅಲ್ಲಿತ್ತು. ಬೆಂಗಳೂರಿನ ಅಹ್ಮದ್ ಖಾನ್ ಅವರನ್ನೇ ನೋಡಿ. 1948 ಮತ್ತು 1952ರ ಒಲಿಂಪಿಕ್ಸ್ ಆಡಿದವರು, 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದವರು. ಚೆಂಡು ಅವರ ಕಾಲಿಗೆ ಸಿಕ್ಕರೆ ಹಾವಾಡಿಗನ ಪುಂಗಿಗೆ ಹಾವು ಆಡಿದಂತೆ ಆಡುತ್ತದೆ ಎಂದು ಜನ ಅವರಿಗೆ ಹಾವಾಡಿಗ ಎಂದೇ ಹೆಸರಿಟ್ಟಿದ್ದರು. ಅವರು ಮೆರೆದದ್ದು ಈಸ್ಟ್ ಬೆಂಗಾಲ್‌ನಲ್ಲಿ, ಅಲ್ಲಿನವರು ‘ಪಂಚ ಪಾಂಡವರು’ ಎಂದು ಕರೆದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾಗಿ. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಇನ್ನೊಬ್ಬರು ಸಾರಂಗಪಾಣಿ ರಾಮನ್. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2-1ರಿಂದ ಸೋತಿತು, ಸಿಕ್ಕ ಎರಡು ಪೆನಾಲ್ಟಿಗಳನ್ನೂ ಹಾಳುಮಾಡಿಕೊಂಡು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ ಪಂದ್ಯ ಅದು. ಆ ಒಂದು ಗೋಲು, ಅಂದರೆ ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು, ಮೈಸೂರು ಸಂಸ್ಥಾನದ ಈ ಆಟಗಾರನದು.

ಇಲ್ಲಿ ಒಂದು ತೊಡಕಿದೆ, ಪಟ್ಟಿ ಓದುವಾಗ ಅದನ್ನು ಗಮನದಲ್ಲಿಡಬೇಕು. ರೋವರ್ಸ್ ಕಪ್ 2000-01ರಲ್ಲಿ ನಿಂತಿತು. ಫೆಡರೇಷನ್ ಕಪ್ 2017ರಲ್ಲಿ ನಿಂತಿತು. ಐ-ಲೀಗ್ ಐಎಸ್‌ಎಲ್‌ಗೆ ಜಾಗ ಬಿಟ್ಟುಕೊಟ್ಟು ಎರಡನೇ ದರ್ಜೆಗೆ ಇಳಿಯಿತು. ಅಂದರೆ ಬೆಂಗಳೂರು ಎಫ್‌ಸಿಯ ಏಳರಲ್ಲಿ ನಾಲ್ಕು ಕಪ್ಪು ಹಳೆಯ ವ್ಯವಸ್ಥೆಯವು, ಐಟಿಐ ಮತ್ತು ಮುಸ್ಲಿಮ್ಸ್ ಗೆದ್ದವಂತೂ ಪೂರ್ತಿ ಹಳೆಯವು. ಇಂಗ್ಲೆಂಡಿನಲ್ಲಿ ಎಫ್‌ಎ ಕಪ್ 1871ರಿಂದಲೂ ನಡೆಯುತ್ತಿರುವುದರಿಂದ ಅಲ್ಲಿಯ ಹಳೆಯ ಕ್ಲಬ್‌ಗಳ ಸಾಧನೆಯನ್ನು ಒಂದೇ ಅಳತೆಯಲ್ಲಿ ಹಿಡಿಯಬಹುದು. ನಮ್ಮಲ್ಲಿ ಟೂರ್ನಿಗಳೇ ಸಾಯುತ್ತವೆ, ಹೆಸರು ಬದಲಿಸುತ್ತವೆ. ಹಾಗಾಗಿ ‘ಎಷ್ಟು ಕಪ್ಪು’ ಎಂಬ ಪ್ರಶ್ನೆಗಿಂತ ‘ಯಾವಾಗ, ಯಾರ ವಿರುದ್ಧ’ ಎಂಬ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಈ ಅಳತೆಯಲ್ಲಿ ಬೆಂಗಳೂರು ಎಫ್‌ಸಿಯ ಅತಿ ದೊಡ್ಡ ವರ್ಷ ಕಪ್ಪು ಸಿಗದ ಒಂದು ಟೂರ್ನಿಯದು: 2016ರ ಎಎಫ್‌ಸಿ ಕಪ್. ಏಷ್ಯಾದ ಎರಡನೇ ಹಂತದ ಈ ಕ್ಲಬ್ ಟೂರ್ನಿಯಲ್ಲಿ ಅದುವರೆಗೆ ಡೆಂಪೊ 2008ರಲ್ಲಿ, ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಫೈನಲ್ ದಾಟಲಾಗದೆ ಮರಳಿದ್ದವು. ಬೆಂಗಳೂರು ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಎದುರಿಸಿತು. ಅಲ್ಲಿ 1-1. ಇಲ್ಲಿ, ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ, ಮೊದಲು ಗೋಲು ಬಿಟ್ಟುಕೊಟ್ಟು ಆಮೇಲೆ 3-1. ಸುನಿಲ್ ಚೆಟ್ರಿ ಎರಡು, ಸ್ಪೇನಿನ ಹುವಾನಾನ್ ಒಂದು. ನವೆಂಬರ್ 5ರಂದು ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ಕ್ಲಬ್ ಅಲ್ ಕುವಾ ಅಲ್ ಜವಿಯಾ 1-0ಯಿಂದ ಗೆದ್ದಿತು. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ದಾಖಲೆ ಬೆಂಗಳೂರಿನದು.

ಐಎಸ್‌ಎಲ್‌ನಲ್ಲಿ ಒಂದು ವಿಚಿತ್ರ ದಿನಾಂಕವಿದೆ, ಮಾರ್ಚ್ 17. 2018ರ ಮಾರ್ಚ್ 17ರಂದು ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿದ್ದ ಬೆಂಗಳೂರು ತನ್ನದೇ ಕಂಠೀರವದಲ್ಲಿ ಚೆನ್ನೈಯಿನ್ ಎದುರು 3-2ರಿಂದ ಫೈನಲ್ ಸೋತಿತು. ಚೆಟ್ರಿ ಮೊದಲೇ ಗೋಲು ಹೊಡೆದಿದ್ದರೂ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಗೆ ಎರಡು ಸಲ ತಲೆ ಕೊಟ್ಟು ಆಟ ಕೆಡಿಸಿದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ಎದುರಿನ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. 117ನೇ ನಿಮಿಷ, ಎಲ್ಲರೂ ಪೆನಾಲ್ಟಿಗೆ ಮನಸ್ಸು ಮಾಡಿದ್ದ ಹೊತ್ತು. ಡಿಮಾಸ್ ಡೆಲ್ಗಾಡೊ ತೆಗೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟರು, ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಆಮೇಲೆ 2023 ಮತ್ತು 2025ರ ಫೈನಲ್‌ಗಳನ್ನೂ ಸೋತರು, ಎರಡೂ ಸಲ ಅದೇ ಮೋಹನ್ ಬಾಗಾನ್ ಕೈಯಲ್ಲಿ. ಬ್ಲಾಸ್ಟರ್ಸ್ ಕೂಡ 2014, 2016, 2022ರಲ್ಲಿ ಮೂರು ಐಎಸ್‌ಎಲ್ ಫೈನಲ್ ಸೋತಿದೆ. ಸೋಲಿನ ಲೆಕ್ಕದಲ್ಲಿ ಇಬ್ಬರೂ ಸಮ, ಗೆಲುವಿನ ಲೆಕ್ಕದಲ್ಲಿ 1-0.

ನಿಮ್ಮ ಹಳದಿ ಜರ್ಸಿಯವರ ಹೊಟ್ಟೆಯುರಿಗೆ ನಿಜವಾದ ಕಾರಣ ಬೇರೆ. 2023ರ ಮಾರ್ಚ್ 3, ಕಂಠೀರವದಲ್ಲಿ ಬೆಂಗಳೂರು-ಬ್ಲಾಸ್ಟರ್ಸ್ ಪ್ಲೇ ಆಫ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಗೋಲ್‌ಕೀಪರ್ ತನ್ನವರ ಗೋಡೆ ಸರಿಪಡಿಸುತ್ತ ಮುಂದೆ ಬಂದಿದ್ದರು. ರೆಫರಿಯ ಸೀಟಿಗೆ ಕಾಯದೆ ಚೆಟ್ರಿ ಚೆಂಡನ್ನು ಮೆಲ್ಲಗೆ ಖಾಲಿ ಗೋಲಿಗೆ ಕಳಿಸಿಬಿಟ್ಟರು. ಕಿಕ್ ಹೊಡೆಯುವ ತಂಡವೇ ಗೋಡೆಯನ್ನು ದೂರ ಸರಿಸಿ ಎಂದು ರೆಫರಿಯನ್ನು ಕೇಳದಿದ್ದರೆ ಹೀಗೆ ಚುರುಕಾಗಿ ಹೊಡೆಯಲು ನಿಯಮದಲ್ಲಿ ಅಡ್ಡಿಯಿಲ್ಲ. ರೆಫರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಮರಳಲಿಲ್ಲ. ಪಂದ್ಯ 1-0 ಎಂದು ಬೆಂಗಳೂರಿಗೆ ಹೋಯಿತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯ ನಿಷೇಧ. ಗೋಲು ನಿಯಮಬದ್ಧ, ಅದರಲ್ಲಿ ನನಗೆ ಅನುಮಾನವಿಲ್ಲ. ಚೆಂದದ ಗೋಲೇ ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಆ ರಾತ್ರಿ ಬೆಂಗಳೂರಿನಿಂದ ಹೊರಟ ವಯನಾಡಿನವರಿಗೆ ಇನ್ನೊಂದು ಕಷ್ಟವಿತ್ತು: ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಇನ್ನೂರು ಕಿಲೋಮೀಟರ್ ಬಂದು ಗುಂಡ್ಲುಪೇಟೆ ಆಚೆ ಮದ್ದೂರು ಗೇಟಿನ ಮುಂದೆ ಆ ಗೋಲನ್ನೇ ನೆನೆಯುತ್ತ ಬೆಳಗು ಮಾಡಿದವರು ಯಾರಾದರೂ ಇದ್ದರೆ ಅವರ ಕೋಪವನ್ನು ಮನ್ನಿಸಬಹುದು.

ವೈಯಕ್ತಿಕ ದಾಖಲೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಚೆಟ್ರಿಯನ್ನು ಬಿಟ್ಟು ಈ ಕ್ಲಬ್ಬಿನ ಕಥೆ ಹೇಳಲಾಗದು. ಮೊದಲ ದಿನದಿಂದ ಜೊತೆಗಿರುವವರು, ಕ್ಲಬ್ ಪರ ಅತಿ ಹೆಚ್ಚು ಗೋಲು ಅವರದು, ನೂರು ಎಂದೋ ದಾಟಿದೆ. 2024ರ ಡಿಸೆಂಬರ್ 7ರಂದು, ನಲವತ್ತು ತುಂಬಿ ನಾಲ್ಕು ತಿಂಗಳಾದ ಮೇಲೆ, ಕಂಠೀರವದಲ್ಲಿ ಹ್ಯಾಟ್ರಿಕ್ ಹೊಡೆದು ಐಎಸ್‌ಎಲ್‌ನಲ್ಲಿ ಆ ಸಾಧನೆ ಮಾಡಿದ ಅತಿ ಹಿರಿಯ ಆಟಗಾರನಾದರು. ಎದುರಾಳಿ ಯಾರೆಂದು ಹೇಳಬೇಕೆ? ಬ್ಲಾಸ್ಟರ್ಸ್, 4-2. ಕ್ಲಬ್ಬಿನ ಅತಿ ದೊಡ್ಡ ಅಂತರದ ಗೆಲುವು 2020ರ ಫೆಬ್ರುವರಿಯಲ್ಲಿ ಭೂತಾನಿನ ಪಾರೊ ಎಫ್‌ಸಿ ಎದುರಿನ 9-1, ಅದಕ್ಕೆ ಅಷ್ಟೇನೂ ಬೆಲೆ ಇಲ್ಲ.

ಕೊನೆಗೆ ಒಂದು ಎಚ್ಚರಿಕೆ. ವಾದದ ಭರದಲ್ಲಿ ಸಂತೋಷ್ ಟ್ರೋಫಿಯನ್ನು ಕ್ಲಬ್‌ಗಳ ಲೆಕ್ಕಕ್ಕೆ ಸೇರಿಸಬೇಡಿ, ಅದು ರಾಜ್ಯ ತಂಡಗಳ ಟೂರ್ನಿ. ನಮ್ಮ ರಾಜ್ಯ ಅದನ್ನು ಐದು ಸಲ ಗೆದ್ದಿದೆ: ಮೈಸೂರು ಎಂಬ ಹೆಸರಿನಲ್ಲಿ 1946-47, 1952-53, 1967-68, 1968-69ರಲ್ಲಿ, ಆಮೇಲೆ 54 ವರ್ಷ ಕಾದು 2023ರ ಮಾರ್ಚ್ 4ರಂದು ಕರ್ನಾಟಕವಾಗಿ, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಚೆಟ್ರಿಯ ಆ ಫ್ರೀ ಕಿಕ್‌ನ ಮರುದಿನವೇ. ಆದರೆ ಈ ಮಾತನ್ನು ನೀವಾಗಿ ತೆಗೆಯದಿರುವುದು ಲೇಸು. ಕೇರಳ 2022ರ ಹೊತ್ತಿಗೇ ಅದನ್ನು ಏಳು ಸಲ ಗೆದ್ದಾಗಿತ್ತು.